ವಸತಿ ಹುಡುಕುವ ಮೊಬೈಲ್ ಆ್ಯಪ್‌ಗಳ ವಿನ್ಯಾಸ

ಪ್ರವಾಸ ಹೊರಟವರಿಗೆ ತಂಗಲು ಹೋಟೆಲ್, ಲಾಡ್ಜ್, ಹೋಂಸ್ಟೇ, ರೆಸಾರ್ಟ್ ಅಥವಾ ಯಾತ್ರಿನಿವಾಸವನ್ನು ಫೋನಿನಲ್ಲೇ ಹುಡುಕಿ, ಹೋಲಿಸಿ ನೋಡಿ, ಕಾಯ್ದಿರಿಸಿಕೊಡುವ ತಂತ್ರಾಂಶಗಳನ್ನು ವಸತಿ ಆ್ಯಪ್‌ಗಳೆನ್ನಬಹುದು. ಇವುಗಳ ವಿನ್ಯಾಸದಲ್ಲಿ ಬಣ್ಣ, ಅಕ್ಷರ, ಬಟನ್‌ಗಳ ಜೋಡಣೆ ಒಂದು ಸಣ್ಣ ಪಾಲು. ಯಾವ ಮಾಹಿತಿಯನ್ನು ಯಾವ ಹಂತದಲ್ಲಿ ತೋರಿಸಬೇಕು, ದೂರವನ್ನು ಹೇಗೆ ಅಳೆಯಬೇಕು, ಒಂದೇ ಕೋಣೆ ಇಬ್ಬರಿಗೆ ಹೋಗದಂತೆ ಹೇಗೆ ನೋಡಿಕೊಳ್ಳಬೇಕು, ಬೆಲೆಯನ್ನು ಹೇಗೆ ಹೇಳಬೇಕು, ಮುಖ ನೋಡದ ಅತಿಥಿ ಮತ್ತು ಮಾಲೀಕರ ನಡುವೆ ನಂಬಿಕೆ ಹೇಗೆ ಹುಟ್ಟಬೇಕು ಎಂಬ ಪ್ರಶ್ನೆಗಳೆಲ್ಲ ಅದರೊಳಗೇ ಬರುತ್ತವೆ.

ಕಣ್ಣಾರೆ ನೋಡದೆ ಹಣ ಕೊಡುವ ಸರಕು ಇದು. ಆನ್‌ಲೈನಿನಲ್ಲಿ ತರಿಸಿದ ಬಟ್ಟೆ ಸರಿಹೋಗದಿದ್ದರೆ ವಾಪಸು ಕಳಿಸಬಹುದು. ರಾತ್ರಿ ಹನ್ನೊಂದಕ್ಕೆ ಮಕ್ಕಳು, ಸಾಮಾನು ಸಮೇತ ಬಂದಿಳಿದ ಸಂಸಾರ ಕೋಣೆ ಚೆನ್ನಾಗಿಲ್ಲವೆಂದು ಮನೆಗೆ ಹಿಂತಿರುಗುವಂತಿಲ್ಲ. ಮಾರುವವರ ಕಷ್ಟ ಬೇರೆ: ಈ ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲು ಬರುವುದಿಲ್ಲ. ಕೊಳ್ಳುವವರ ಅಳುಕು, ಮಾರುವವರ ಆತುರ ಎರಡರ ನಡುವೆ ಆ್ಯಪ್ ನಿಂತಿರುತ್ತದೆ. ಹೊರಡುವ ಮೊದಲು ಪರದೆಯಲ್ಲಿ ಕಂಡದ್ದಕ್ಕೂ ತಲುಪಿದ ಮೇಲೆ ಬಾಗಿಲು ತೆರೆದಾಗ ಕಾಣುವುದಕ್ಕೂ ಅಂತರ ಎಷ್ಟು ಕಡಿಮೆಯೋ ವಿನ್ಯಾಸ ಅಷ್ಟು ಒಳ್ಳೆಯದು. ಈ ಲೇಖನದ ಉದ್ದಕ್ಕೂ ಅಳತೆಗೋಲು ಇದೇ.

ಹಿನ್ನೆಲೆ

ದೂರದ ಊರಿನ ಕೋಣೆಯನ್ನು ಕಂಪ್ಯೂಟರ್ ಮೂಲಕ ಕಾಯ್ದಿರಿಸುವ ಪದ್ಧತಿ ಅಂತರ್ಜಾಲಕ್ಕಿಂತ ಹಳೆಯದು. ಅಮೆರಿಕದ ಹಾಲಿಡೇ ಇನ್ ಸಂಸ್ಥೆ 1965ರಲ್ಲಿ ಐಬಿಎಂ ನೆರವಿನಿಂದ ಹಾಲಿಡೆಕ್ಸ್ ಎಂಬ ವ್ಯವಸ್ಥೆಯನ್ನು ತಂದಿತು. ಅದನ್ನು ಬಳಸುತ್ತಿದ್ದವರು ಹೋಟೆಲಿನ ನೌಕರರು. ಪ್ರವಾಸಿಯ ಕೈಗೆ ಈ ಅಧಿಕಾರ ಬಂದದ್ದು 1996ರ ಹೊತ್ತಿಗೆ. ಆ ವರ್ಷ ಮೈಕ್ರೋಸಾಫ್ಟ್‌ನೊಳಗೆ ಎಕ್ಸ್‌ಪೀಡಿಯ ಶುರುವಾಯಿತು. ನೆದರ್‌ಲೆಂಡ್ಸ್‌ನಲ್ಲಿ ಖೇರ್ಟ್-ಯಾನ್ ಬ್ರೌನ್ಸ್‌ಮಾ ಆರಂಭಿಸಿದ ಪುಟ್ಟ ತಾಣ ಮುಂದೆ ಬುಕಿಂಗ್ ಡಾಟ್ ಕಾಮ್ ಆಗಿ ಬೆಳೆಯಿತು. 2000ದಲ್ಲಿ ಬಂದ ಟ್ರಿಪ್‌ಅಡ್ವೈಸರ್, ತಂಗಿ ಬಂದವರ ಅನಿಸಿಕೆಯನ್ನೇ ಮುಖ್ಯ ಸರಕಾಗಿಸಿತು. ಅದೇ ವರ್ಷ ದೀಪ್ ಕಾಲ್ರಾ ಮೇಕ್‌ಮೈಟ್ರಿಪ್ ಕಟ್ಟಿದರು.

ಫೋನಿನ ಕಾಲ ಶುರುವಾದದ್ದು 2008ರಲ್ಲಿ, ಆಪಲ್ ಮತ್ತು ಆಂಡ್ರಾಯ್ಡ್ ಆ್ಯಪ್ ಮಳಿಗೆಗಳು ತೆರೆದ ಮೇಲೆ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏರ್‌ಬಿಎನ್‌ಬಿ ಹುಟ್ಟಿತು. ಅದರ ಹಿಂದಿನ ವರ್ಷ ನಗರದಲ್ಲಿ ವಿನ್ಯಾಸಕರ ಸಮ್ಮೇಳನವಿದ್ದಾಗ ಹೋಟೆಲುಗಳು ತುಂಬಿದ್ದವು. ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ತಮ್ಮ ಬಾಡಿಗೆ ಮನೆಯಲ್ಲೇ ಗಾಳಿ ಹಾಸಿಗೆ ಹಾಕಿ ಮೂವರಿಗೆ ಜಾಗ ಕೊಟ್ಟರು. ನೇತನ್ ಬ್ಲೆಚಾರ್ಜಿಕ್ ಆಮೇಲೆ ಸೇರಿದರು. ಮೊದಲಿಬ್ಬರೂ ವಿನ್ಯಾಸ ಶಾಲೆಯಲ್ಲಿ ಓದಿದವರೆಂಬುದು ಮುಂದಿನ ಒಂದು ನಿರ್ಧಾರದಲ್ಲಿ ಎದ್ದು ಕಾಣುತ್ತದೆ. 2009ರಲ್ಲಿ ನ್ಯೂಯಾರ್ಕಿನ ಮನೆಗಳಿಗೆ ಗಿರಾಕಿಗಳು ಬರುತ್ತಿರಲಿಲ್ಲ. ತಾಣದಲ್ಲಿದ್ದ ಚಿತ್ರಗಳು ಮಬ್ಬಾಗಿದ್ದವು. ಇವರು ತಾವೇ ಕ್ಯಾಮೆರಾ ಹಿಡಿದು ಮನೆಮನೆಗೆ ಹೋಗಿ ಚಿತ್ರ ತೆಗೆದುಕೊಟ್ಟರು, ಆದಾಯ ಏರಿತು. ಪ್ರೋಗ್ರಾಮಿನ ಒಂದು ಸಾಲೂ ಬದಲಾಗದೆ ವಿನ್ಯಾಸ ಸುಧಾರಿಸಿದ ಉದಾಹರಣೆಯಾಗಿ ಇದನ್ನು ಈಗಲೂ ಪಾಠ ಹೇಳುವಾಗ ನೆನೆಯುತ್ತಾರೆ.

2011ರಲ್ಲಿ ಬಳಕೆಗೆ ಬಂದ ಹೋಟೆಲ್‌ಟುನೈಟ್ ಫೋನಿಗೆಂದೇ ಹುಟ್ಟಿದ ಆ್ಯಪ್. ಆ ದಿನ ಸಂಜೆ ಖಾಲಿ ಉಳಿದ ಕೋಣೆಗಳನ್ನು ಮಾತ್ರ, ಅದೂ ಬೆರಳೆಣಿಕೆಯಷ್ಟನ್ನು, ಕೆಲವೇ ಸ್ಪರ್ಶಗಳಲ್ಲಿ ಕೊಡುವುದು ಅದರ ಪಟ್ಟು. 2019ರಲ್ಲಿ ಏರ್‌ಬಿಎನ್‌ಬಿ ಅದನ್ನು ಕೊಂಡಿತು. ಭಾರತದ ಸಮಸ್ಯೆ ಬೇರೆಯಾಗಿತ್ತು. ಇಲ್ಲಿ ಸಣ್ಣ ಲಾಡ್ಜ್‌ಗಳಿಗೆ ಕೊರತೆಯಿರಲಿಲ್ಲ. ಒಳಗೆ ಹಾಸಿಗೆ ಬಟ್ಟೆ ಒಗೆದದ್ದೇ, ಬಚ್ಚಲಲ್ಲಿ ನೀರು ಬರುತ್ತದೆಯೇ ಎಂಬುದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ರಿತೇಶ್ ಅಗರ್‌ವಾಲ್ 2013ರಲ್ಲಿ ಆರಂಭಿಸಿದ ಓಯೊ, 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ರೀಬೊ ಮುಂತಾದವು ಸಣ್ಣ ಹೋಟೆಲುಗಳಿಗೆ ಒಂದೇ ಹೆಸರು, ಒಂದೇ ಮಟ್ಟದ ಸೌಕರ್ಯ ಕೊಡಲು ಹೊರಟದ್ದು ಈ ಕಾರಣಕ್ಕೆ. ಆ ಭರವಸೆ ಎಲ್ಲ ಕಡೆ ಉಳಿಯಿತೆಂದು ಹೇಳಲಾಗದು. ಆದರೆ ನಮ್ಮ ಪ್ರವಾಸಿಗೆ ಬೇಕಿದ್ದುದು ಸಾವಿರ ಆಯ್ಕೆಗಳಿಗಿಂತ ಒಂದು ಖಾತ್ರಿ ಎಂಬುದನ್ನು ಈ ಸಂಸ್ಥೆಗಳು ಸರಿಯಾಗಿ ಗುರುತಿಸಿದ್ದವು.

ಯಾರಿಗಾಗಿ, ಯಾವ ಹೊತ್ತಿಗೆ

ಜಗತ್ತಿನ ಬಹುತೇಕ ವಸತಿ ಆ್ಯಪ್‌ಗಳು ಒಂದು ಊಹೆಯ ಮೇಲೆ ನಿಂತಿವೆ: ಅತಿಥಿ ಮಧ್ಯಾಹ್ನ ಬರುತ್ತಾರೆ, ರಾತ್ರಿ ಮಲಗುತ್ತಾರೆ, ಮರುದಿನ ಬೆಳಗ್ಗೆ ಹನ್ನೊಂದರೊಳಗೆ ಹೊರಡುತ್ತಾರೆ. ಬೆಂಗಳೂರಿನಿಂದ ರಾತ್ರಿ ಸ್ಲೀಪರ್ ಬಸ್ಸು ಹತ್ತಿದವರ ಲೆಕ್ಕ ಹೀಗಿಲ್ಲ. ಅವರು ಉಡುಪಿಗೋ ಹೊಸಪೇಟೆಗೋ ಬೆಳಗಿನ ಆರಕ್ಕೆ ಇಳಿಯುತ್ತಾರೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವಸ್ಥಾನವನ್ನೋ ಸ್ಮಾರಕವನ್ನೋ ನೋಡಿ, ಆ ರಾತ್ರಿಯ ಬಸ್ಸಿಗೇ ಮರಳುವವರೂ ಇದ್ದಾರೆ. ಅಂಥವರಿಗೆ ಬೇಕಾದದ್ದು ರಾತ್ರಿಯೇ ಅಲ್ಲ, ಒಂದು ಹಗಲು. ಅವರು ‘ಚೆಕ್‌ಇನ್ ಮಧ್ಯಾಹ್ನ ಒಂದಕ್ಕೆ’ ಎಂಬ ಸಾಲನ್ನು ಹಣ ಕಟ್ಟಿದ ಮೇಲೆ ಓದಿದರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಏಳು ಗಂಟೆ ಕಳೆಯಬೇಕಾಗುತ್ತದೆ.

ನಮ್ಮ ಯಾತ್ರಾಸ್ಥಳಗಳ ಹಳೆಯ ಲಾಡ್ಜ್‌ಗಳು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿವೆ: ‘24 ಗಂಟೆ ಚೆಕ್‌ಔಟ್’. ಬೆಳಗ್ಗೆ ಆರಕ್ಕೆ ಬಂದವರು ಮರುದಿನ ಆರಕ್ಕೆ ಬಿಟ್ಟರೆ ಸಾಕು. ಆ್ಯಪ್‌ನ ದತ್ತಾಂಶ ಮಾದರಿಯಲ್ಲಿ ‘ರಾತ್ರಿ’ ಎಂಬ ಏಕಮಾನ ಒಂದೇ ಇದ್ದರೆ ಈ ಅನುಕೂಲವನ್ನು ತೋರಿಸಲೇ ಆಗುವುದಿಲ್ಲ. ಆದ್ದರಿಂದ ತಲುಪುವ ದಿನಾಂಕದ ಜತೆ ತಲುಪುವ ಹೊತ್ತನ್ನೂ ಮೊದಲ ಪರದೆಯಲ್ಲೇ ಕೇಳಿ, ಆ ಹೊತ್ತಿಗೆ ಬಾಗಿಲು ತೆರೆಯುವ ವಸತಿಗಳನ್ನು ಮೇಲೆ ತರುವುದು ನಮ್ಮ ನಾಡಿಗೆ ಒಗ್ಗುವ ವಿನ್ಯಾಸ.

ಸೌಕರ್ಯಗಳ ಪಟ್ಟಿಯ ವಿಷಯವೂ ಹಾಗೆಯೇ. ಈಜುಕೊಳ, ಜಿಮ್, ಬಾರ್ ಎಂಬ ಫಿಲ್ಟರ್‌ಗಳು ಎಲ್ಲ ಆ್ಯಪ್‌ನಲ್ಲೂ ಸಿಗುತ್ತವೆ. ಅಜ್ಜಿಯನ್ನು ಕರೆದುಕೊಂಡು ಹೊರಟ ಕುಟುಂಬ ಫೋನು ಮಾಡಿ ಕೇಳುವುದು ಬೇರೆ: ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ, ಲಿಫ್ಟ್ ಇದೆಯೇ, ಶೌಚಾಲಯ ಕಮೋಡಿನದೇ, ಒಂದು ಹಾಸಿಗೆ ಹೆಚ್ಚಿಗೆ ಹಾಕಿದರೆ ಎಷ್ಟು, ಅಡುಗೆ ಬರೀ ಸಸ್ಯಾಹಾರವೇ, ಕರೆಂಟು ಹೋದರೆ ಜನರೇಟರ್ ಇದೆಯೇ, ಟ್ಯಾಕ್ಸಿ ಡ್ರೈವರ್‌ಗೆ ಮಲಗಲು ಜಾಗ ಕೊಡುತ್ತಾರೆಯೇ. ಲಾಡ್ಜ್ ಕೌಂಟರಿನಲ್ಲಿ ಒಂದು ದಿನ ಕುಳಿತು ಬರುವ ಕರೆಗಳನ್ನು ಬರೆದುಕೊಂಡರೆ ಫಿಲ್ಟರ್‌ಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಊರಿನ ಹೆಸರು, ಊರಿನ ದೂರ

ಶೋಧಪೆಟ್ಟಿಗೆ ಈ ಆ್ಯಪ್‌ಗಳ ಹೆಬ್ಬಾಗಿಲು. ಕರ್ನಾಟಕದ ಮಟ್ಟಿಗೆ ಅಲ್ಲಿ ಮೊದಲ ತೊಡಕು ಊರಿನ ಹೆಸರಿನದು. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಅಧಿಕೃತ ಹೆಸರು ಬದಲಾಯಿತು: ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಇಂಗ್ಲಿಷಿನ ಹಾಸ್ಪೆಟ್ ಹೊಸಪೇಟೆಯಾಯಿತು. ಹೊರರಾಜ್ಯದ ಪ್ರವಾಸಿ ಹಳೆಯ ಹೆಸರನ್ನೇ ಬರೆಯುತ್ತಾರೆ, ಮಾಲೀಕರು ಹೊಸ ಹೆಸರಿನಲ್ಲಿ ನೋಂದಾಯಿಸಿರುತ್ತಾರೆ. ಚಿಕ್ಕಮಗಳೂರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕಾರು ರೀತಿ ಬರೆಯುವವರಿದ್ದಾರೆ. ಕನ್ನಡದಲ್ಲಿ ಬರೆಯುವವರೂ, ಮೈಕು ಒತ್ತಿ ಹೇಳುವವರೂ ಇದ್ದಾರೆ. ಇವೆಲ್ಲವೂ ಒಂದೇ ಊರಿಗೆ ಹೋಗಿ ಸೇರಬೇಕು. ಪ್ರತಿ ಸ್ಥಳಕ್ಕೂ ಒಂದು ಗುರುತು ಸಂಖ್ಯೆ ಕೊಟ್ಟು, ಹಳೆಯ, ಹೊಸ, ಆಡುಮಾತಿನ ಹೆಸರುಗಳನ್ನೆಲ್ಲ ಅದರ ಕೆಳಗೆ ಪೋಣಿಸಿಡುವುದು ರೂಢಿಯ ಪರಿಹಾರ.

ಇನ್ನು ಕೆಲವು ಹೆಸರುಗಳು ಊರುಗಳೇ ಅಲ್ಲ. ಕೊಡಗು ಎಂದು ಹುಡುಕುವವರಿಗೆ ಸೋಮವಾರಪೇಟೆಯಿಂದ ವಿರಾಜಪೇಟೆವರೆಗೆ ಎಲ್ಲಿ ತೋಟದ ಮನೆ ಸಿಕ್ಕರೂ ಆದೀತು. ಅದನ್ನು ಮಡಿಕೇರಿಯ ಒಂದು ಚುಕ್ಕೆಯಾಗಿ ತಿಳಿದು, ಸುತ್ತ ಹತ್ತು ಕಿಲೋಮೀಟರಿನ ವೃತ್ತ ಎಳೆಯುವ ಆ್ಯಪ್ ಒಳ್ಳೆಯ ಹೋಂಸ್ಟೇಗಳನ್ನೆಲ್ಲ ಹೊರಗಿಡುತ್ತದೆ. ಪ್ರದೇಶವನ್ನು ಪ್ರದೇಶವಾಗಿಯೇ, ಎಲ್ಲೆ ಇರುವ ಆಕೃತಿಯಾಗಿಯೇ ಇಟ್ಟುಕೊಳ್ಳಬೇಕು.

ದೂರದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಆ್ಯಪ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ಎರಡು ಅಕ್ಷಾಂಶ ರೇಖಾಂಶಗಳ ನಡುವಿನ ನೇರ ಅಂತರವನ್ನು ಸೂತ್ರ ಹಾಕಿ ಕ್ಷಣದಲ್ಲಿ ತೆಗೆಯಬಹುದು. ಭೂಮಿಯನ್ನು ಸಣ್ಣ ಚೌಕ ಅಥವಾ ಷಟ್ಕೋನಗಳಾಗಿ ಸೀಳಿ ಸೂಚಿಯಾಗಿಸುವ ಜಿಯೋಹ್ಯಾಶ್, ಎಚ್3 ಮುಂತಾದ ಪದ್ಧತಿಗಳಿಂದ ಲಕ್ಷಾಂತರ ವಸತಿಗಳ ನಡುವೆ ಹತ್ತಿರದವನ್ನು ಥಟ್ಟನೆ ಹೆಕ್ಕಬಹುದು. ಆದರೆ ಸೂತ್ರಕ್ಕೆ ಹೊಳೆ ಕಾಣುವುದಿಲ್ಲ. ಹಂಪಿಯನ್ನೇ ನೋಡಿ. ವಿರೂಪಾಕ್ಷ ದೇವಾಲಯದ ಬಳಿ ನಿಂತರೆ ತುಂಗಭದ್ರೆಯ ಆಚೆ ದಡ ಕೂಗಳತೆಯಲ್ಲಿದೆ. ನೇರ ಅಂತರ ಲೆಕ್ಕ ಹಾಕುವ ಆ್ಯಪ್ ಆಚೆ ದಡದ ವಸತಿಯನ್ನು ‘ದೇವಾಲಯದಿಂದ ಒಂದು ಕಿಲೋಮೀಟರಿಗೂ ಕಡಿಮೆ’ ಎಂದು ತೋರಿಸುತ್ತದೆ. ದೋಣಿ ಸಂಜೆಗೆ ನಿಲ್ಲುತ್ತದೆ. ಜಲಾಶಯದಿಂದ ನೀರು ಬಿಟ್ಟರೆ ಹಗಲಲ್ಲೂ ನಡೆಯುವುದಿಲ್ಲ. ಆಗ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕು. ಅದಕ್ಕೆ ಬದಲಾಗಿ ಸುಮಾರು 13 ಕಿಲೋಮೀಟರ್ ಆಚೆಯ ಹೊಸಪೇಟೆಯೋ ಅದಕ್ಕಿಂತ ಹತ್ತಿರದ ಕಮಲಾಪುರವೋ ಎಷ್ಟೋ ಮೇಲು. ಆಚೆ ದಡದ ವಿರೂಪಾಪುರ ಗಡ್ಡೆಯ ಕಥೆ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ: ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ್ದ ಅಲ್ಲಿನ ರೆಸಾರ್ಟ್‌ಗಳ ವಿರುದ್ಧ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅವನ್ನು ತೆರವುಗೊಳಿಸಲಾಯಿತು. ಪಟ್ಟಿಯಲ್ಲಿರುವ ವಸತಿಗೆ ಪರವಾನಗಿ ಇದೆಯೇ ಎಂದು ನೋಡುವುದೂ ವಿನ್ಯಾಸದ ಹೊಣೆಯೇ.

ಸೂತ್ರಕ್ಕೆ ಗಡಿಯಾರವೂ ಕಾಣುವುದಿಲ್ಲ. ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ನಿರ್ಬಂಧವಿದೆ. ಮೈಸೂರಿನಿಂದ ಸಂಜೆ ತಡವಾಗಿ ಹೊರಟವರಿಗೆ ಕಾಡಿನಾಚೆಯ ವಸತಿ ನಕ್ಷೆಯಲ್ಲಿ ಎಷ್ಟೇ ಹತ್ತಿರವಿದ್ದರೂ ಆ ರಾತ್ರಿಯ ಮಟ್ಟಿಗೆ ಇಲ್ಲದಂತೆಯೇ. ಹೀಗಾಗಿ ಕಿಲೋಮೀಟರಿಗಿಂತ ‘ನೀವು ತಲುಪುವ ಹೊತ್ತಿಗೆ ರಸ್ತೆಯಲ್ಲಿ ಇಷ್ಟು ನಿಮಿಷ’ ಎಂಬ ಸಾಲು ಹೆಚ್ಚು ಉಪಯೋಗಿ. ಮಲೆನಾಡಿನ ಘಾಟಿಗಳಲ್ಲಿ ಈ ಎರಡರ ವ್ಯತ್ಯಾಸ ಇನ್ನೂ ದೊಡ್ಡದು.

ಪಟ್ಟಿ, ಚಿತ್ರ, ಹೆಬ್ಬೆರಳು

ಶೋಧದ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ತೋರಿಸುತ್ತಾರೆ: ಒಂದರ ಕೆಳಗೊಂದು ಚಿತ್ರಸಹಿತ ಪಟ್ಟಿ, ಅಥವಾ ಬೆಲೆಯ ಚೀಟಿ ಅಂಟಿಸಿದ ನಕ್ಷೆ. ಕೆಳಗೆ ಪಟ್ಟಿ, ಹಿಂದೆ ನಕ್ಷೆ ಇಟ್ಟು ಬೆರಳಿನಿಂದ ಎಳೆದುಕೊಳ್ಳುವ ಏರ್ಪಾಡು ಈಗ ಹೆಚ್ಚು ಬಳಕೆಯಲ್ಲಿದೆ. ಫೋನನ್ನು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ಒತ್ತುವವರು ಬಹಳ. ಮೊಬೈಲ್ ಬಳಕೆಯ ಸಂಶೋಧಕ ಸ್ಟೀವನ್ ಹೂಬರ್ 2013ರಲ್ಲಿ ಬೀದಿ, ನಿಲ್ದಾಣಗಳಲ್ಲಿ ಜನರನ್ನು ಗಮನಿಸಿದಾಗ ಸುಮಾರು ಅರ್ಧದಷ್ಟು ಮಂದಿ ಹೀಗೆಯೇ ಬಳಸುತ್ತಿದ್ದರು. ಪ್ರವಾಸದಲ್ಲಿ ಇನ್ನೊಂದು ಕೈಯಲ್ಲಿ ಬ್ಯಾಗೋ ಮಗುವೋ ಇರುತ್ತದೆ. ಆದ್ದರಿಂದ ಮುಖ್ಯ ಬಟನ್ ಪರದೆಯ ಕೆಳಭಾಗದಲ್ಲಿರಬೇಕು. ಸ್ಪರ್ಶದ ಜಾಗ ಆಪಲ್ ಹೇಳುವಂತೆ 44 ಪಾಯಿಂಟ್‌ಗಿಂತ, ಆಂಡ್ರಾಯ್ಡ್ ಹೇಳುವಂತೆ 48 ಡಿಪಿಗಿಂತ ಸಣ್ಣದಾಗಬಾರದು.

ಯಾವ ವಸತಿ ಮೇಲೆ, ಯಾವುದು ಕೆಳಗೆ ಎಂಬ ಅನುಕ್ರಮಕ್ಕೆ ದೊಡ್ಡ ಶಕ್ತಿಯಿದೆ. ಎಕ್ಸ್‌ಪೀಡಿಯದ ಕೆಲವು ಶೋಧಗಳಲ್ಲಿ ಹೋಟೆಲುಗಳ ಅನುಕ್ರಮವನ್ನು ಬೇಕೆಂದೇ ಕಲಸಿಟ್ಟಿದ್ದ ದತ್ತಾಂಶವನ್ನು ಸಂಶೋಧಕಿ ರಲೂಕಾ ಉರ್ಸು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಮೇಲಿದ್ದ ಹೋಟೆಲನ್ನು ಜನ ಹೆಚ್ಚಾಗಿ ತೆರೆದು ನೋಡುತ್ತಾರೆ. ತೆರೆದು ನೋಡಿದ ಮೇಲೆ ಕೊಳ್ಳುವ ನಿರ್ಧಾರವನ್ನು ಅನುಕ್ರಮ ಬದಲಿಸುವುದಿಲ್ಲ ಎಂದು ಅವರು ಕಂಡರು. ಮೇಲಿನ ಸ್ಥಾನವನ್ನು ಹಣಕ್ಕೆ ಮಾರಿದರೆ ಮಾರಿದ್ದು ಪ್ರವಾಸಿಯ ಕಣ್ಣನ್ನು. ಹಾಗೆ ಮಾರಿದ ಜಾಗದ ಮೇಲೆ ‘ಜಾಹೀರಾತು’ ಎಂದು ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವುದು ಕನಿಷ್ಠ ಮರ್ಯಾದೆ.

ಚಿತ್ರಗಳ ಬಗ್ಗೆ ಒಂದೇ ಮಾತು: ಅಗಲ ಕೋನದ ಮಸೂರದಲ್ಲಿ ತೆಗೆದ ಚಿತ್ರದಲ್ಲಿ ಹತ್ತಡಿಯ ಕೋಣೆ ಸಭಾಂಗಣದಂತೆ ಕಾಣುತ್ತದೆ. ಕೋಣೆಯ ಅಳತೆಯನ್ನು ಅಡಿಗಳಲ್ಲಿ ಬರೆದು, ಬಚ್ಚಲುಮನೆ, ಕಿಟಕಿಯ ನೋಟ, ಕಟ್ಟಡದ ಮುಂದಿನ ರಸ್ತೆ ಇವುಗಳ ಚಿತ್ರವನ್ನು ಕಡ್ಡಾಯ ಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ಬೆಲೆ

ಈ ಆ್ಯಪ್‌ಗಳ ಪ್ರಾಮಾಣಿಕತೆ ಒರೆಗೆ ಹತ್ತುವುದು ಬೆಲೆಯಲ್ಲಿ. ಮೊದಲ ಪರದೆಯಲ್ಲಿ ಕಡಿಮೆ ಬೆಲೆ ತೋರಿಸಿ, ಮುಂದೆ ಹೋದಂತೆ ತೆರಿಗೆ, ಸೇವಾಶುಲ್ಕ, ಶುಚಿಗೊಳಿಸುವ ಶುಲ್ಕ, ತಾನೇ ಗುರುತು ಹಾಕಿಕೊಂಡ ವಿಮೆ ಎಂದು ಒಂದೊಂದಾಗಿ ಸೇರಿಸುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ಅದು ಫಲ ಕೊಡುತ್ತದೆ ಎಂಬುದೇ ಕಷ್ಟ. ಟಿಕೆಟ್ ಮಾರುವ ಸ್ಟಬ್‌ಹಬ್ ತಾಣದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶುಲ್ಕವನ್ನು ಕೊನೆಯಲ್ಲಿ ಕಂಡ ಗಿರಾಕಿಗಳು, ಮೊದಲೇ ಕಂಡವರಿಗಿಂತ ಸುಮಾರು ಶೇ 21ರಷ್ಟು ಹೆಚ್ಚು ಖರ್ಚು ಮಾಡಿದರು. ಲಾಭ ಇಷ್ಟು ಸ್ಪಷ್ಟವಾಗಿರುವಾಗ ಒಂದು ಸಂಸ್ಥೆ ತಾನೊಂದೇ ಒಳ್ಳೆಯದಾಗಿ ಉಳಿಯುವುದು ಸುಲಭವಲ್ಲ; ಪಕ್ಕದ ಆ್ಯಪ್ ಕಡಿಮೆ ಬೆಲೆ ತೋರಿಸಿ ಗಿರಾಕಿಯನ್ನು ಸೆಳೆದುಕೊಳ್ಳುತ್ತದೆ. ಇಲ್ಲಿ ಕಾನೂನು ಬೇಕಾಗುತ್ತದೆ.

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2019ರಲ್ಲಿ ಎಕ್ಸ್‌ಪೀಡಿಯ, ಬುಕಿಂಗ್ ಡಾಟ್ ಕಾಮ್, ಅಗೋಡ ಸೇರಿದಂತೆ ಆರು ತಾಣಗಳಿಂದ ಬದಲಾವಣೆಯ ಒಪ್ಪಿಗೆ ಪಡೆಯಿತು. ‘ಇನ್ನೊಂದೇ ಕೋಣೆ ಉಳಿದಿದೆ’, ‘ಈಗ ಇಷ್ಟು ಮಂದಿ ನೋಡುತ್ತಿದ್ದಾರೆ’ ಎಂಬ ಒತ್ತಡದ ಸಾಲುಗಳು ಅದರ ಮುಖ್ಯ ಗುರಿ. ನೋಡುತ್ತಿದ್ದವರು ಬೇರೆ ದಿನಾಂಕಕ್ಕೆ ಹುಡುಕುತ್ತಿರಬಹುದು. ಒಂದೇ ಕೋಣೆ ಉಳಿದಿರುವುದು ಆ ತಾಣದ ಪಾಲಿನಲ್ಲಿ ಮಾತ್ರ ಇರಬಹುದು, ಹೋಟೆಲಿನಲ್ಲಲ್ಲ. ಅಮೆರಿಕದಲ್ಲಿ ಅಲ್ಪಾವಧಿ ವಸತಿಯ ಕಡ್ಡಾಯ ಶುಲ್ಕಗಳನ್ನೆಲ್ಲ ಮೊದಲೇ ಸೇರಿಸಿ ಹೇಳಬೇಕೆಂಬ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಭಾರತದಲ್ಲಿ 2023ರ ನವೆಂಬರ್ 30ರಂದು ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸುತ್ತದೆ. ಸುಳ್ಳು ಆತುರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸರಕು ಸೇರಿಸುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಬಿಚ್ಚುವುದು, ‘ಬೇಡ’ ಎನ್ನುವವರನ್ನು ನಾಚಿಸುವಂಥ ವಾಕ್ಯ ಬರೆಯುವುದು, ಎಲ್ಲವೂ ಅದರಲ್ಲಿವೆ. ಇಂಥ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರು ಕೊಟ್ಟವರು ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್, 2010ರಲ್ಲಿ. ವಸತಿ ಆ್ಯಪ್‌ಗಳ ಪರದೆಗಳನ್ನು ಎದುರಿಗಿಟ್ಟುಕೊಂಡು ಆ ಪಟ್ಟಿ ಓದಿದರೆ ಅನೇಕ ಕಲಮುಗಳು ಇವಕ್ಕೆಂದೇ ಬರೆದಂತೆ ತೋರುತ್ತವೆ.

ತೆರಿಗೆಯ ಲೆಕ್ಕ ಎಷ್ಟು ನಾಜೂಕೆಂಬುದಕ್ಕೆ ಒಂದು ಉದಾಹರಣೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18. ಹಾಗಾಗಿ 7,500 ರೂಪಾಯಿಯ ಕೋಣೆಗೆ ಅತಿಥಿ ಕೊಡುವುದು 7,875. 7,600ರ ಕೋಣೆಗೆ 8,968. ಮೂಲಬೆಲೆಯಲ್ಲಿ ನೂರು ರೂಪಾಯಿ ವ್ಯತ್ಯಾಸ, ಜೇಬಿನಲ್ಲಿ 1,093. ತೆರಿಗೆ ಬಿಟ್ಟು ಬೆಲೆ ತೋರಿಸುವ ಪಟ್ಟಿಯಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಕುಳಿತು ಒಂದೇ ದರದ ಕೋಣೆಗಳಂತೆ ಕಾಣುತ್ತವೆ. ಎಷ್ಟು ರಾತ್ರಿ, ಎಷ್ಟು ಜನ ಎಂದು ಗೊತ್ತಾದ ಕೂಡಲೇ ಎಲ್ಲ ಸೇರಿಸಿದ ಒಟ್ಟು ಮೊತ್ತವನ್ನೇ ದಪ್ಪಕ್ಷರದಲ್ಲಿ ತೋರಿಸುವುದು, ಬಿಡಿಬಿಡಿ ವಿವರವನ್ನು ಕೆಳಗೆ ಇಡುವುದು ಸರಿಯಾದ ದಾರಿ. ಅನುಕ್ರಮವೂ ಆ ಒಟ್ಟು ಮೊತ್ತದ ಮೇಲೆಯೇ ನಡೆಯಬೇಕು.

ರದ್ದು ಮಾಡಿದರೆ ಎಷ್ಟು ವಾಪಸು ಎಂಬುದೂ ಬೆಲೆಯ ಭಾಗವೇ. ‘ಷರತ್ತುಗಳು ಅನ್ವಯ’ ಎಂದು ಬರೆಯುವ ಜಾಗದಲ್ಲಿ ‘ಗುರುವಾರ ಸಂಜೆ 6ರೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸು’ ಎಂದು ದಿನ, ಗಂಟೆ ಸಮೇತ ಬರೆಯಬಹುದು. ಕಂಪ್ಯೂಟರಿಗೆ ಲೆಕ್ಕ ಗೊತ್ತಿದೆ. ಓದುವವರಿಂದ ಲೆಕ್ಕ ಹಾಕಿಸಬೇಕಾಗಿಲ್ಲ.

ಕಾಯ್ದಿರಿಸುವ ಕ್ಷಣ

‘ಬುಕ್ ಮಾಡಿ’ ಎಂಬ ಬಟನ್ ಒತ್ತಿದಾಗ ಒಳಗೆ ನಡೆಯುವುದು ಸೂಕ್ಷ್ಮ ಕೆಲಸ. ಜನವರಿ 10ಕ್ಕೆ ಬಂದು 12ಕ್ಕೆ ಹೊರಡುವವರ ಹೆಸರಿಗೆ 10 ಮತ್ತು 11ರ ರಾತ್ರಿಗಳು ಮಾತ್ರ ಸೇರಬೇಕು, 12ರ ರಾತ್ರಿ ಮತ್ತೊಬ್ಬರಿಗೆ ಸಿಗಬೇಕು. ಇಬ್ಬರು ಒಂದೇ ಕ್ಷಣದಲ್ಲಿ ಕೊನೆಯ ಕೋಣೆಯನ್ನು ಒತ್ತಿದರೆ ಒಬ್ಬರಿಗೆ ಮಾತ್ರ ದಕ್ಕಬೇಕು. ಹಣ ಪಾವತಿಯಾಗುವವರೆಗೆ ಕೋಣೆಯನ್ನು ಕೆಲವು ನಿಮಿಷ ಹಿಡಿದಿಟ್ಟು, ಪಾವತಿ ಆಗದಿದ್ದರೆ ಬಿಟ್ಟುಕೊಡುವುದು ಸಾಮಾನ್ಯ ಕ್ರಮ.

2016ರಲ್ಲಿ ಬಂದ ಯುಪಿಐ ಪಾವತಿಯನ್ನು ಸುಲಭ ಮಾಡಿತು, ಜತೆಗೆ ಒಂದು ಹೊಸ ಹಂತವನ್ನೂ ತಂದಿತು. ವಸತಿ ಆ್ಯಪ್‌ನಿಂದ ಪಾವತಿ ಆ್ಯಪ್‌ಗೆ ಹೋಗಿ, ಪಿನ್ ಒತ್ತಿ, ಮರಳುವಷ್ಟರಲ್ಲಿ ನೆಟ್‌ವರ್ಕ್ ಹೋದರೆ ಬ್ಯಾಂಕಿನಿಂದ ಹಣ ಕಡಿತವಾಗಿರುತ್ತದೆ, ಕೋಣೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಗಾಬರಿಯಲ್ಲಿ ಜನ ಮತ್ತೆ ಒತ್ತುತ್ತಾರೆ. ಒಂದು ಬುಕಿಂಗಿನ ಎಲ್ಲ ಪ್ರಯತ್ನಗಳಿಗೂ ಒಂದೇ ಗುರುತು ಸಂಖ್ಯೆ ಇಟ್ಟು, ಎರಡನೆಯ ಸಲ ಒತ್ತಿದರೂ ಎರಡನೆಯ ಬುಕಿಂಗ್ ಆಗದಂತೆ ತಡೆಯುವುದು ಎಂಜಿನಿಯರರ ಕೆಲಸ. ‘ಪಾವತಿ ಪರಿಶೀಲನೆಯಲ್ಲಿದೆ, ಕೋಣೆ ನಿಮ್ಮ ಹೆಸರಿನಲ್ಲೇ ಇದೆ, ಮತ್ತೆ ಹಣ ಕಟ್ಟಬೇಡಿ’ ಎಂದು ತಿಳಿಯಾದ ಮಾತಿನಲ್ಲಿ ಹೇಳುವುದು ವಿನ್ಯಾಸಕರ ಕೆಲಸ. ಬುಕಿಂಗ್ ಆದ ಮೇಲೆ ವಿಳಾಸ, ದಾರಿ, ಮಾಲೀಕರ ಫೋನ್ ಸಂಖ್ಯೆ, ಕಟ್ಟಿದ ಮೊತ್ತ ಇವು ಇಂಟರ್‌ನೆಟ್ ಇಲ್ಲದೆಯೂ ತೆರೆಯಬೇಕು. ಆಗುಂಬೆಯ ಮಳೆಯಲ್ಲಿ ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಂತವರಿಗೆ ಸುತ್ತುತ್ತಲೇ ಇರುವ ಚಕ್ರ ಏನನ್ನೂ ಹೇಳುವುದಿಲ್ಲ.

ಮಾಲೀಕರ ಪರದೆ

ವಿನ್ಯಾಸದ ಚರ್ಚೆಯಲ್ಲಿ ಮಾಲೀಕರು ಬಳಸುವ ಆ್ಯಪ್‌ಗೆ ಸಿಗುವ ಗಮನ ಕಡಿಮೆ. ಅತಿಥಿಗೆ ಕಾಣುವ ಮಾಹಿತಿಯೆಲ್ಲ ಹುಟ್ಟುವುದು ಅಲ್ಲೇ. ಕಾಫಿ ತೋಟದ ನಡುವೆ ಮೂರು ಕೋಣೆಯ ಹೋಂಸ್ಟೇ ನಡೆಸುವವರು ಹಲವು ಆ್ಯಪ್‌ಗಳಲ್ಲಿ ಹೆಸರು ಹಾಕಿರುತ್ತಾರೆ, ನೇರವಾಗಿ ಫೋನು ಮಾಡಿದವರಿಗೂ ಕೋಣೆ ಕೊಡುತ್ತಾರೆ. ಒಂದೆಡೆ ಹೋದ ಕೋಣೆಯನ್ನು ಉಳಿದೆಡೆ ಮುಚ್ಚದಿದ್ದರೆ ಶನಿವಾರ ಸಂಜೆ ಎರಡು ಕುಟುಂಬಗಳು ಒಂದೇ ಅಂಗಳದಲ್ಲಿ ಬಂದಿಳಿಯುತ್ತವೆ. ದೊಡ್ಡ ಹೋಟೆಲುಗಳಲ್ಲಿ ಚಾನೆಲ್ ಮ್ಯಾನೇಜರ್ ಎಂಬ ತಂತ್ರಾಂಶ ಎಲ್ಲ ತಾಣಗಳ ಲೆಕ್ಕವನ್ನು ಒಟ್ಟಿಗೆ ಸರಿದೂಗಿಸುತ್ತದೆ. ಸಣ್ಣವರಿಗೆ ಬೇಕಾದದ್ದು ಕ್ಯಾಲೆಂಡರಿನ ಮೇಲೆ ಒಂದು ದಿನವನ್ನು ಒತ್ತಿದರೆ ಸಾಕು, ಎಲ್ಲ ಕಡೆ ಮುಚ್ಚುವ ಏರ್ಪಾಡು; ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್‌ನಿಂದಲೂ ಅದು ಆಗಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ವಿವರ ಸಲ್ಲಿಸಬೇಕಾದ ನಿಯಮವನ್ನು ಆ್ಯಪ್ ನೆನಪಿಸಿದರೆ ದೊಡ್ಡ ಉಪಕಾರ.

ಮಾಲೀಕರ ಮೇಲೆ ಆ್ಯಪ್‌ಗಳ ಹಿಡಿತವೂ ಚರ್ಚೆಯ ವಿಷಯ. ತಮ್ಮಲ್ಲಿ ಇರುವುದಕ್ಕಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಕೋಣೆ ಕೊಡಬಾರದೆಂಬ ಷರತ್ತು ಮುಂತಾದ ಕಾರಣಗಳಿಗೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊ ಮೇಲೆ 223.48 ಕೋಟಿ, ಓಯೊ ಮೇಲೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಯುರೋಪಿನಲ್ಲಿ ಬುಕಿಂಗ್ ಡಾಟ್ ಕಾಮ್ ಇಂಥ ಷರತ್ತುಗಳನ್ನು 2024ರಲ್ಲಿ ಕೈಬಿಟ್ಟಿತು.

ನಂಬಿಕೆ

ತಂಗಿದವರ ಅನಿಸಿಕೆ ಮತ್ತು ನಕ್ಷತ್ರಗಳು ಅಪರಿಚಿತರ ನಡುವಿನ ಸೇತುವೆ. ಆದರೆ ಎಲ್ಲರೂ ಒಳ್ಳೆಯದನ್ನೇ ಬರೆದರೆ ಅದರಿಂದ ತಿಳಿಯುವುದು ಕಡಿಮೆ. 2015ರ ಒಂದು ಅಧ್ಯಯನದ ಪ್ರಕಾರ ಏರ್‌ಬಿಎನ್‌ಬಿಯ ಸುಮಾರು ಶೇ 95ರಷ್ಟು ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ನಕ್ಷತ್ರ. ಮನೆಯವರ ಜತೆ ಕಾಫಿ ಕುಡಿದು ಬಂದವರಿಗೆ ಕೆಟ್ಟದ್ದು ಬರೆಯಲು ಸಂಕೋಚ; ಬರೆದರೆ ಅವರೂ ತಿರುಗಿ ಬರೆದಾರೆಂಬ ಭಯ ಬೇರೆ. 2014ರಿಂದ ಏರ್‌ಬಿಎನ್‌ಬಿ ಇಬ್ಬರೂ ಬರೆದ ಮೇಲೆ ಅಥವಾ 14 ದಿನ ಕಳೆದ ಮೇಲೆ ಮಾತ್ರ ಎರಡನ್ನೂ ಒಟ್ಟಿಗೆ ಪ್ರಕಟಿಸುವ ಕ್ರಮ ತಂದದ್ದು ಈ ಭಯ ತಗ್ಗಿಸಲು. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ಅನಿಸಿಕೆಗಳಿಗೆಂದೇ ಐಎಸ್ 19000 ಎಂಬ ಮಾನಕ ಹೊರತಂದಿದೆ. ‘ಹೇಗಿತ್ತು?’ ಎಂದು ಕೇಳುವ ಬದಲು ‘ಬಿಸಿನೀರು ಬಂತೇ? ಚಿತ್ರದಲ್ಲಿದ್ದ ಕೋಣೆಯನ್ನೇ ಕೊಟ್ಟರೇ? ಕೌಂಟರಿನಲ್ಲಿ ಹೆಚ್ಚಿಗೆ ಹಣ ಕೇಳಿದರೇ?’ ಎಂದು ಕೇಳಿದರೆ ಸಂಕೋಚದವರೂ ನಿಜ ಹೇಳುತ್ತಾರೆ.

ಹೆಸರು, ಚಿತ್ರ ತೋರಿಸಿ ನಂಬಿಕೆ ಬೆಳೆಸುವ ಕ್ರಮಕ್ಕೆ ಇನ್ನೊಂದು ಮುಖವಿದೆ. ಎಡೆಲ್‌ಮನ್, ಲೂಕಾ ಮತ್ತು ಸ್ವಿರ್ಸ್ಕಿ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ, ಏರ್‌ಬಿಎನ್‌ಬಿಯಲ್ಲಿ ನಡೆಸಿದ ಪ್ರಯೋಗದಲ್ಲಿ ಕಪ್ಪು ಜನಾಂಗದವರದೆಂದು ಗುರುತಾಗುವ ಹೆಸರಿನ ಅತಿಥಿಗಳ ಕೋರಿಕೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ 16ರಷ್ಟು ಕಡಿಮೆಯಿತ್ತು. 2018ರಲ್ಲಿ ಏರ್‌ಬಿಎನ್‌ಬಿ ಬುಕಿಂಗ್ ಒಪ್ಪಿದ ಮೇಲಷ್ಟೇ ಅತಿಥಿಯ ಚಿತ್ರ ಕಾಣುವಂತೆ ಬದಲಿಸಿತು. ಹೆಸರಿನಿಂದಲೇ ಜಾತಿ, ಧರ್ಮ ಊಹಿಸುವ ನಮ್ಮ ಸಮಾಜದಲ್ಲಿ ಈ ಪಾಠಕ್ಕೆ ಹೆಚ್ಚಿನ ತೂಕವಿದೆ. ಮಾಲೀಕರಿಗೆ ಮೊದಲು ಬೇಕಾದದ್ದು ಎಷ್ಟು ಜನ, ಎಷ್ಟು ಹೊತ್ತಿಗೆ ಎಂಬುದಷ್ಟೇ. ಗುರುತಿನ ಚೀಟಿಯನ್ನು ಬಂದಾಗ ನೋಡಿದರೆ ಸಾಕು. ಆಧಾರ್ ಕೊಡುವುದಿದ್ದರೆ ಅಂಕಿ ಮರೆಮಾಡಿದ ಪ್ರತಿಯನ್ನು ಆ್ಯಪ್ ತಾನೇ ಸೂಚಿಸಬೇಕು.

ಭಾಷೆ, ಅಂಗವೈಕಲ್ಯ, ಪರೀಕ್ಷೆ

ಕನ್ನಡದಲ್ಲಿ ಆ್ಯಪ್ ತರುವಾಗ ವಾಕ್ಯಗಳನ್ನು ಕನ್ನಡಕ್ಕೆ ಬದಲಿಸಿದರೆ ಮುಗಿಯಲಿಲ್ಲ. ಇಂಗ್ಲಿಷಿನ ಎತ್ತರಕ್ಕೆ ಕತ್ತರಿಸಿದ ಬಟನ್‌ಗಳಲ್ಲಿ ಒತ್ತಕ್ಷರಗಳ ಬುಡ ಹಾರಿಹೋಗಿ ‘ಹುಬ್ಬಳ್ಳಿ’ ಎಂಬ ಹೆಸರು ಓದಲಾಗದಂತಾಗುತ್ತದೆ. ಸಾಲುಗಳ ನಡುವೆ ಜಾಗ ಹೆಚ್ಚಬೇಕು, ಉದ್ದನೆಯ ಪದಗಳಿಗೆ ಬಟನ್ ಅಗಲವಾಗಬೇಕು. ಕಣ್ಣು ಕಾಣದವರು ಟಾಕ್‌ಬ್ಯಾಕ್‌ನಂಥ ಓದುಗ ತಂತ್ರಾಂಶದಿಂದ ಕೇಳಿಸಿಕೊಂಡೇ ಬುಕ್ ಮಾಡುವಂತಿರಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ‘ಅನುಕೂಲವಿದೆ’ ಎಂಬ ಗುರುತು ಸಾಲದು. ಬಾಗಿಲು ಎಷ್ಟು ಅಗಲ, ಬಚ್ಚಲಿಗೆ ಮೆಟ್ಟಿಲಿದೆಯೇ, ಹಿಡಿಕೆ ಎಲ್ಲಿದೆ ಎಂಬುದರ ಅಳತೆ ಮತ್ತು ಚಿತ್ರ ಬೇಕು. ಅಂಗವಿಕಲರಿಗೆ ಒಗ್ಗುವ ಮನೆಗಳನ್ನು ಹೀಗೆ ವಿವರವಾಗಿ ಪಟ್ಟಿ ಮಾಡುತ್ತಿದ್ದ ಬ್ರಿಟನ್ನಿನ ಅಕೊಮೆಬಲ್ ಸಂಸ್ಥೆಯನ್ನು ಏರ್‌ಬಿಎನ್‌ಬಿ 2017ರಲ್ಲಿ ಕೊಂಡಿತು.

ತಾಂತ್ರಿಕ ಆಯ್ಕೆಗಳಲ್ಲಿ ಒಂದೇ ಬರಹದಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ತಯಾರಿಸುವ ಫ್ಲಟರ್, ರಿಯಾಕ್ಟ್ ನೇಟಿವ್ ಜನಪ್ರಿಯ. ಏರ್‌ಬಿಎನ್‌ಬಿ 2016ರಲ್ಲಿ ರಿಯಾಕ್ಟ್ ನೇಟಿವ್ ಹಿಡಿದು 2018ರಲ್ಲಿ ಬಿಟ್ಟಿತು. ಸಣ್ಣ ತಂಡಗಳಿಗೆ ಇಂಥ ಸಾಧನಗಳೇ ಈಗಲೂ ಅಗ್ಗದ ದಾರಿ.

ಪರೀಕ್ಷೆಯ ವಿಷಯದಲ್ಲಿ ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಹೇಳಿದ ಸೂತ್ರ ಪ್ರಸಿದ್ಧ: ಐದು ಮಂದಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿದರೆ ಬಳಕೆಯ ಹೆಚ್ಚಿನ ತೊಡಕುಗಳು ಬಯಲಾಗುತ್ತವೆ. ಆ ಐವರನ್ನು ಕಚೇರಿಯ ಸಹೋದ್ಯೋಗಿಗಳಲ್ಲೇ ಆರಿಸಿಕೊಂಡರೆ ಪ್ರಯೋಜನವಿಲ್ಲ. ಹಳೆಯ ಆಂಡ್ರಾಯ್ಡ್ ಫೋನು, ಬಿಸಿಲಿನ ಬಸ್ ನಿಲ್ದಾಣ, ಅರ್ಧ ಸಿಗ್ನಲ್, ಕನ್ನಡಕ ಮರೆತು ಬಂದ ಅಪ್ಪ ಇವೆಲ್ಲ ಪರೀಕ್ಷೆಯಲ್ಲಿರಬೇಕು. ದೊಡ್ಡ ಸಂಸ್ಥೆಗಳು ಒಂದೇ ಪರದೆಯ ಎರಡು ರೂಪಗಳನ್ನು ಎರಡು ಗುಂಪಿಗೆ ತೋರಿಸಿ, ಹೆಚ್ಚು ಬುಕಿಂಗ್ ತಂದದ್ದನ್ನು ಉಳಿಸಿಕೊಳ್ಳುತ್ತವೆ. ಈ ಪದ್ಧತಿಯಲ್ಲಿ ಬುಕಿಂಗ್ ಡಾಟ್ ಕಾಮ್ ಹೆಸರಾದದ್ದು. ಬುಕಿಂಗ್‌ಗಳ ಸಂಖ್ಯೆಯೊಂದನ್ನೇ ಅಳೆದರೆ ಗಿರಾಕಿಯನ್ನು ಆತುರಪಡಿಸುವ ಸಾಲುಗಳೇ ಪ್ರತಿ ಸಲ ಗೆಲ್ಲುತ್ತವೆ. ಆದ್ದರಿಂದ ಅದರ ಪಕ್ಕದಲ್ಲೇ ರದ್ದಾದ ಬುಕಿಂಗ್‌ಗಳು, ಬಾಗಿಲಿನಿಂದ ವಾಪಸು ಹೋದವರು, ಕೌಂಟರಿನಲ್ಲಿ ಹೆಚ್ಚಿಗೆ ತೆತ್ತವರು, ಮುಂದಿನ ವರ್ಷ ಅದೇ ಆ್ಯಪ್‌ನಲ್ಲಿ ಮತ್ತೆ ಹುಡುಕಿದವರು, ಈ ನಾಲ್ಕು ಲೆಕ್ಕಗಳನ್ನೂ ಇಟ್ಟು ಎರಡು ರೂಪಗಳನ್ನು ಹೋಲಿಸಬೇಕು.